ತಕ್ಕಡಿಯ ಸೋಪು, ಕ್ಯಾಲೆಂಡರಿನ ಮರಿ



ತೋಟದ ಮನೆಗಳಲ್ಲಿ ಈಚೆಗೆ ಎರಡು ಹೊಸ ಉಮೇದು ಕಾಣುತ್ತಿವೆ. ಮನೆಗೆ ಬೇಕಾದ ಲಿಕ್ವಿಡ್ ಸೋಪನ್ನು ಮನೆಯಲ್ಲೇ ಮಾಡಿಕೊಳ್ಳುವುದು ಒಂದು. ಇನ್ನೊಂದು, ತೋಟ ಕಾಯಲಿ ಅಂತ ಬೆರಕೆ ನಾಯಿಮರಿ ಸಾಕುವುದು. ಮುಧೋಳವೋ ಲ್ಯಾಬ್ರಡಾರೋ ಜರ್ಮನ್ ಶೆಫರ್ಡೋ ಊರಿನ ನಾಯಿಯ ಜೊತೆ ಕೂಡಿ ಹುಟ್ಟಿದ ಮರಿ. ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕ. ಬಾಟಲಿಗೆ ನೂರು, ಜಾತಿ ನಾಯಿಗೆ ಸಾವಿರ ಸಾವಿರ ಯಾಕೆ ಸುರಿಯಬೇಕು? ಕೈಯಲ್ಲೇ ಆಗುವುದಿಲ್ಲವೆ?

ಆಗುತ್ತದೆ. ನಾನು ತಿಪಟೂರು ಕಡೆಯವಳು. ಕೊಬ್ಬರಿಯ ಸೀಮೆ. ನಮ್ಮ ಮನೆಯಲ್ಲೂ ಎರಡೂ ನಡೆಯುತ್ತವೆ. ಆದರೆ ಅಕ್ಕಪಕ್ಕದ ತೋಟಗಳನ್ನು ನೋಡುತ್ತಾ ಬಂದಾಗ ನನಗೊಂದು ತಿರುವುಮುರುವು ಕಂಡಿದೆ. ಗ್ರಾಂ ಲೆಕ್ಕದಲ್ಲಿ ಅಳೆಯಬೇಕಾದ ಸೋಪನ್ನು ಜನ ಅಂದಾಜಿನಲ್ಲಿ ಮಾಡುತ್ತಾರೆ. ಅಳತೆಗೆ ಸಿಕ್ಕದ ನಾಯಿಮರಿಗೆ ಮಾತ್ರ ಗ್ಯಾರಂಟಿ ಕೇಳುತ್ತಾರೆ. "ಅಕ್ಕಾ, ಇದು ಮುಧೋಳ ಬೆರಕೆ ತಾನೆ? ದೊಡ್ಡದಾದ್ಮೇಲೆ ಜೋರಾಗುತ್ತಾ?" ಅಂತ. ಸೋಪಿನ ಹಣೆಬರಹ ತಕ್ಕಡಿಯಲ್ಲಿದೆ. ಮರಿಯ ಹಣೆಬರಹ ಬಹುಮಟ್ಟಿಗೆ ಕ್ಯಾಲೆಂಡರಿನಲ್ಲಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಸೋಪು.

ಎಣ್ಣೆ ಮತ್ತು ಕ್ಷಾರ ಕೂಡಿ ಸೋಪಾಗುತ್ತದೆ. ಅಳತೆ ಸರಿಯಾಗಿದ್ದರೆ ಕೂಡಿದ ಮೇಲೆ ಕ್ಷಾರದ ಸುಡುವ ಗುಣ ಉಳಿಯುವುದಿಲ್ಲ; ಸೋಪು ಇರುತ್ತದೆ, ಜೊತೆಗೆ ಗ್ಲಿಸರಿನ್ ಇರುತ್ತದೆ. ಕಾಸ್ಟಿಕ್ ಸೋಡಾ ಹಾಕಿದರೆ ಗಟ್ಟಿ ಬಿಲ್ಲೆಯಾಗುತ್ತದೆ. ಕಾಸ್ಟಿಕ್ ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಮೆತ್ತನೆಯ ಸೋಪಾಗಿ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಲಿಕ್ವಿಡ್ ಸೋಪಿಗೆ ಬೇಕಾದದ್ದು ಈ ಎರಡನೆಯದು.

ಪೊಟ್ಯಾಷ್ ನಮಗೆ ಹೊಸದಲ್ಲ. ಒಲೆಯ ಬೂದಿಯಲ್ಲಿ, ಅದರಲ್ಲೂ ಬಾಳೆಗಿಡ ಸುಟ್ಟ ಬೂದಿಯಲ್ಲಿ, ಪೊಟ್ಯಾಷಿನ ಅಂಶ ಚೆನ್ನಾಗಿದೆ. ಬೂದಿಯಿಂದ ಪಾತ್ರೆ ಬೆಳಗಿದ ಕೈಗಳಿಗೆ ಆ ಜಾರು ಗೊತ್ತು. ಮಡಿವಾಳರು ಚೌಳು ಮಣ್ಣು ಹಾಕಿ ಉಬ್ಬೆಯಲ್ಲಿ ಬಟ್ಟೆ ಬೇಯಿಸುತ್ತಿದ್ದರು. ಆ ಮಣ್ಣಿನಲ್ಲೂ ಇರುವುದು ಕ್ಷಾರವೇ. ತಲೆಗೆ ಸೀಗೆ, ರೇಷ್ಮೆ ಸೀರೆಗೆ ಮತ್ತು ಒಡವೆಗೆ ಅಂಟುವಾಳ. ಅಂಟುವಾಳದ ನೊರೆಗೆ ಕ್ಷಾರ ಬೇಕಿಲ್ಲ, ಕಾಯಿಯ ಸಿಪ್ಪೆಯಲ್ಲೇ ಸಪೋನಿನ್ ಇರುತ್ತದೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಕುದಿಸಿ ಸೋಸಿದರೆ ಅದೂ ಒಂದು ಲಿಕ್ವಿಡ್. ಅದರ ತೊಂದರೆ ಏನೆಂದರೆ ಕೆಲವೇ ದಿನಕ್ಕೆ ಹುಳಿತು ವಾಸನೆ ಬರುತ್ತದೆ. ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಬೇಕು.

ಸೋಪು ಕುದಿಸುವವರು ಹಿಂದೆ ಕೈಗುಣ ನಂಬಿದವರು. ಎಣ್ಣೆ ಕೊಬ್ಬುಗಳ ಒಳಗೇನಿದೆ, ಕ್ಷಾರ ಅದನ್ನು ಏನು ಮಾಡುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಿ ಮಿಷೆಲ್ ಶೆವ್ರೆಲ್ ವರ್ಷಗಟ್ಟಲೆ ಪರೀಕ್ಷಿಸಿ 1823ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅಲ್ಲಿಂದ ಈ ಕಸುಬು ಲೆಕ್ಕಕ್ಕೆ ಸಿಕ್ಕಿತು. ನಮ್ಮ ಮೈಸೂರು ಸಂಸ್ಥಾನವನ್ನೇ ನೋಡಿ. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರ ಯುರೋಪಿಗೆ ಸಾಗದೆ ಉಳಿದಾಗ ಎಣ್ಣೆಯನ್ನು ಇಲ್ಲೇ ತೆಗೆದರು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲ ಅದು. ಆ ಎಣ್ಣೆಯಿಂದ ಸೋಪು ಮಾಡಬೇಕು ಅಂದಾಗ ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಓದಿಸಿ ಕರೆಸಿಕೊಂಡರು. ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಅರಮನೆಯ ಆಸೆಯಷ್ಟೇ ಅಲ್ಲ, ಲೆಕ್ಕ ಕಲಿತು ಬಂದವರೊಬ್ಬರು ಇದ್ದರು.

ಆ ಲೆಕ್ಕ ಈಗ ನಮ್ಮ ಅಡುಗೆಮನೆಗೂ ಬೇಕು. ಪ್ರತಿಯೊಂದು ಎಣ್ಣೆಗೂ ತನ್ನದೇ ಆದ ಕ್ಷಾರದ ಪ್ರಮಾಣವಿದೆ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಶುದ್ಧ ಪೊಟ್ಯಾಷ್ ಸುಮಾರು 257 ಗ್ರಾಂ ಹಿಡಿಯುತ್ತದೆ. ಅದೇ ಒಂದು ಕಿಲೋ ಹರಳೆಣ್ಣೆಗೆ 180 ಗ್ರಾಂ ಆಸುಪಾಸು ಸಾಕು. ಯಾರೋ ಹೇಳಿದ ಕೊಬ್ಬರಿ ಎಣ್ಣೆಯ ಲೆಕ್ಕವನ್ನು ಹಿಡಿದು ಹರಳೆಣ್ಣೆಯಲ್ಲಿ ಸೋಪು ಮಾಡಿದಿರಿ ಅನ್ನಿ. ಕಿಲೋಗೆ ಎಪ್ಪತ್ತು ಗ್ರಾಂಗಿಂತ ಹೆಚ್ಚು ಕ್ಷಾರ ಕೂಡದೆ ಹಾಗೇ ಉಳಿಯುತ್ತದೆ. ನೋಡಲು ಸೋಪು, ಮುಟ್ಟಿದರೆ ಕೈ ಸುಡುವ ದ್ರವ. ಎಣ್ಣೆ ಬದಲಾದರೆ ಲೆಕ್ಕವೂ ಬದಲಾಗಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಚಕ್ಕೆ ಚಕ್ಕೆಯಾಗಿ ಸಿಗುವ ಪೊಟ್ಯಾಷ್ ಪೂರ್ತಿ ಶುದ್ಧವಲ್ಲ. ಸಾಮಾನ್ಯವಾಗಿ ನೂರಕ್ಕೆ ತೊಂಬತ್ತರ ಹತ್ತಿರ, ಉಳಿದದ್ದು ಮುಖ್ಯವಾಗಿ ನೀರಿನಂಶ. ಡಬ್ಬದ ಮೇಲೆ ಬರೆದಿರುವ ಶುದ್ಧತೆ ನೋಡಿ ಲೆಕ್ಕ ಸರಿಮಾಡಿಕೊಳ್ಳಬೇಕು. ತೊಂಬತ್ತರ ಪೊಟ್ಯಾಷ್ ಆದರೆ ಒಂದು ಕಿಲೋ ಕೊಬ್ಬರಿ ಎಣ್ಣೆಗೆ 285 ಗ್ರಾಂ ಬರುತ್ತದೆ. ಚರ್ಮದ ಹಿತಕ್ಕಾಗಿ ಅದರಲ್ಲಿ ನೂರಕ್ಕೆ ಮೂರರಷ್ಟು ಕಡಿಮೆ ಮಾಡಿ 277 ಗ್ರಾಂ ಹಾಕಬೇಕು. ಹೀಗೆ ಮಾಡಿದರೆ ಎಣ್ಣೆ ಒಂದಿಷ್ಟು ಉಳಿಯುತ್ತದೆ, ಕ್ಷಾರ ಉಳಿಯುವುದಿಲ್ಲ. ಲೋಟದ ಲೆಕ್ಕ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗ್ರಾಂ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇಲ್ಲದವರು ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಮಾಡುವ ಬಗೆ. ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಳ್ಳಿ. ಮಕ್ಕಳನ್ನೂ ನಾಯಿಗಳನ್ನೂ ಹೊರಗೆ ಬಿಟ್ಟು ಬಾಗಿಲು ಹಾಕಿ. ಪೊಟ್ಯಾಷಿನ ಮೂರರಷ್ಟು ನೀರನ್ನು ಸ್ಟೀಲ್ ಪಾತ್ರೆಯಲ್ಲಿ ತೆಗೆದುಕೊಂಡು, ನೀರಿಗೆ ಪೊಟ್ಯಾಷನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಕಲಕಿ. ಪೊಟ್ಯಾಷಿನ ಮೇಲೆ ನೀರು ಸುರಿಯಬಾರದು. ಒಮ್ಮೆಲೇ ಕಾವೆದ್ದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕ್ಷಾರ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಬೆಂಕಿಯ ಹತ್ತಿರ ಅದು ಅಪಾಯ. ಬಿಸಿಮಾಡಿದ ಎಣ್ಣೆಗೆ ಈ ಕ್ಷಾರದ ನೀರನ್ನು ನಿಧಾನವಾಗಿ ಸೇರಿಸಿ ಗಟ್ಟಿಯಾಗುವ ತನಕ ಕಡೆಯಬೇಕು. ಆಮೇಲೆ ಕುದಿಯುವ ನೀರಿನ ಪಾತ್ರೆಯೊಳಗೆ ಈ ಪಾತ್ರೆ ಇಟ್ಟು, ಆಗಾಗ ಕೈಯಾಡಿಸುತ್ತಾ ಮೂರು ನಾಲ್ಕು ಗಂಟೆ ಬೇಯಿಸಬೇಕು. ಬಿಳಿಯ ಮುದ್ದೆ ಮೆಲ್ಲಗೆ ಪಾರದರ್ಶಕವಾಗುತ್ತದೆ. ಒಂದು ಚೂರನ್ನು ಬಿಸಿನೀರಿನಲ್ಲಿ ಕರಗಿಸಿ ನೋಡಿ. ನೀರು ತಿಳಿಯಾಗಿದ್ದರೆ ಬೆಂದಿದೆ, ಹಾಲಿನಂತಿದ್ದರೆ ಎಣ್ಣೆ ಇನ್ನೂ ಕೂಡಿಲ್ಲ, ಬೇಯಲಿ. ಬೆಂದ ಮುದ್ದೆಗೆ ಅದರಷ್ಟೇ ತೂಕದ ಬಿಸಿನೀರು ಹಾಕಿ ಒಂದು ರಾತ್ರಿ ಬಿಟ್ಟರೆ ಕರಗುತ್ತದೆ. ಒಂದು ಕಿಲೋ ಎಣ್ಣೆಗೆ ನಾಲ್ಕು ಲೀಟರ್ ಆಸುಪಾಸು ಸಿಗುತ್ತದೆ. ಮುದ್ದೆಯನ್ನು ಹಾಗೇ ಡಬ್ಬದಲ್ಲಿಟ್ಟು ಬೇಕಾದಾಗ ಬೇಕಾದಷ್ಟು ಕರಗಿಸಿಕೊಂಡರೂ ಸರಿ. ಅದು ಕಾಯುತ್ತದೆ. ಈ ಮಾತು ನೆನಪಿರಲಿ, ನಾಯಿಮರಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕರಗಿಸಲು ಬೋರ್‌ವೆಲ್ ನೀರು ಬೇಡ. ಬಯಲುಸೀಮೆಯ ಆಳದ ಬೋರಿನ ನೀರು ಬಹಳ ಕಡೆ ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಕೆನೆಗಟ್ಟುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಜಿಡ್ಡು ಅದೇ. ಸೋಸಿದ ಮಳೆನೀರು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಪೇಟೆಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಮಾಡಲು ಕಿಟ್ ಸಿಗುತ್ತದೆ. ಆಸಿಡ್ ಸ್ಲರಿ, ಅದನ್ನು ತಣಿಸಲು ಸೋಡಾ, ದಪ್ಪವಾಗಲು ಉಪ್ಪು, ಬಣ್ಣ, ಪರಿಮಳ. ಸ್ತ್ರೀಶಕ್ತಿ ಸಂಘಗಳ ಎಷ್ಟೋ ಹೆಣ್ಣುಮಕ್ಕಳು ಇದರಿಂದ ನಾಲ್ಕು ಕಾಸು ನೋಡಿದ್ದಾರೆ, ಸಂತೋಷ. ಆದರೆ ಅದು ಸೋಪಲ್ಲ, ಡಿಟರ್ಜೆಂಟ್. ಗಡಸು ನೀರಿನಲ್ಲಿ ಅದು ಸೋಪಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪಾತ್ರೆಗೆ ಇರಲಿ, ಮೈಗೆ ಬೇಡ. ಅದನ್ನು ದಪ್ಪ ಮಾಡಿದ ಉಪ್ಪನ್ನು ಎಣ್ಣೆಯ ಸೋಪಿಗೂ ಸುರಿಯಬೇಡಿ. ಉಪ್ಪು ಹೆಚ್ಚಾದರೆ ಸೋಪು ಒಡೆದು ಮೇಲೆ ತೇಲುತ್ತದೆ.

ಈಗ ನಾಯಿಮರಿ.

ಸೋಪಿನಲ್ಲಿ ಅದೇ ಎಣ್ಣೆ, ಅದೇ ಕ್ಷಾರ, ಅದೇ ತೂಕ ಹಾಕಿದರೆ ಪ್ರತಿ ಸಲವೂ ಅದೇ ಸೋಪು ಬರುತ್ತದೆ. ನಾಯಿಗಳಲ್ಲಿ ಹಾಗಾಗುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಶುದ್ಧ ತಳಿಯಾದರೆ ಮೊದಲ ಬೆರಕೆಯ ಮರಿಗಳಲ್ಲಿ ಒಂದಿಷ್ಟು ಹೋಲಿಕೆ ಇರುತ್ತದೆ. ನಮ್ಮ ಊರಿನ ನಾಯಿ ತಾನೇ ಹತ್ತು ಕಡೆಯ ರಕ್ತ ಹೊತ್ತದ್ದು. ಆದ್ದರಿಂದ ಒಂದೇ ಸೂಲಿನಲ್ಲಿ ಒಂದು ಮರಿ ಉದ್ದ ಕಾಲಿನದು, ಒಂದು ಕುಳ್ಳನೆಯದು, ಒಂದು ಯಾರನ್ನೂ ಹತ್ತಿರ ಬಿಡದು, ಇನ್ನೊಂದು ದಾರಿಹೋಕರ ಕಾಲಿಗೆಲ್ಲ ಬೀಳುವುದು. ಇನ್ನೂ ಒಂದು ಸಂಗತಿ ಎಷ್ಟೋ ಜನಕ್ಕೆ ತಿಳಿದಿಲ್ಲ. ಬೆದೆಗೆ ಬಂದ ಹೆಣ್ಣು ನಾಯಿ ಒಂದಕ್ಕಿಂತ ಹೆಚ್ಚು ಗಂಡಿನ ಜೊತೆ ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. "ಇವೆಲ್ಲ ಮುಧೋಳ ಬೆರಕೆ" ಅಂತ ಮಾರುವವನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ನಿಮಗೇ ಬಿಟ್ಟದ್ದು.

ಮುಧೋಳದ ಹೆಸರು ಬಂತಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿ ಅದು. ತೆಳ್ಳನೆಯ ಮೈ, ಉದ್ದ ಮೂತಿ, ಬಾಣದ ಓಟ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವುದು ಆ ರಕ್ತದ ಗುಣ. ಮೊಲದ ಹಿಂದೆ ಓಡುವ ಕಾಲು ಕೋಳಿಯ ಹಿಂದೆಯೂ ಓಡುತ್ತದೆ. ತೋಟದಲ್ಲಿ ಕೋಳಿ, ಕುರಿಮರಿ ಇರುವವರು ಈ ಬೆರಕೆ ತರುವ ಮುಂಚೆ ಇದನ್ನು ಯೋಚಿಸಬೇಕು. ಲ್ಯಾಬ್ರಡಾರ್ ಬೆರಕೆ ಸ್ನೇಹದ ನಾಯಿ, ಆದರೆ ಹೊಟ್ಟೆಬಾಕ, ಬೇಗ ಕೊಬ್ಬುತ್ತದೆ. ನಮ್ಮ ಕಂತ್ರಿ ನಾಯಿಯ ಪಾಲು ಹೆಚ್ಚಿದಷ್ಟೂ ಬಿಸಿಲು ತಡೆಯುವುದು, ಸಿಕ್ಕಿದ್ದರಲ್ಲಿ ಬದುಕುವುದು, ರಾತ್ರಿ ಸಣ್ಣ ಸದ್ದಿಗೂ ಕಿವಿ ನಿಮಿರಿಸುವುದು ಇವೆಲ್ಲ ಬರುತ್ತವೆ. ಇದು ಒಲವಿನ ಮಾತು, ಕರಾರಿನ ಮಾತಲ್ಲ.

ಕರಾರು ಮಾಡಬಹುದಾದದ್ದು ಕಾಲದ ವಿಷಯದಲ್ಲಿ ಮಾತ್ರ. ನಾಯಿ ಗಬ್ಬ ಹೊರುವುದು ಸುಮಾರು 63 ದಿನ. ಊರ ನಾಯಿಗಳು ಕಾರ್ತಿಕದ ಹೊತ್ತಿಗೆ ಬೆದೆಗೆ ಬರುವುದು ಹಳ್ಳಿಯವರಿಗೆಲ್ಲ ಗೊತ್ತು. ಲೆಕ್ಕ ಹಾಕಿದರೆ ಮರಿ ಹುಟ್ಟುವುದು ಪುಷ್ಯದ ಚಳಿಯಲ್ಲಿ. ಹುಟ್ಟಿದ ಮರಿಗೆ ತನ್ನ ಮೈಶಾಖ ಕಾಯ್ದುಕೊಳ್ಳಲು ಬರುವುದಿಲ್ಲ. ಹಸಿವಿಗಿಂತ ಮುಂಚೆ ಚಳಿಯೇ ಅದನ್ನು ಕೊಲ್ಲುತ್ತದೆ. ಗಾಳಿ ಬೀಸದ ಮೂಲೆ, ಗೋಣಿಚೀಲ, ಒಣಹುಲ್ಲು, ಮೊದಲ ದಿನವೇ ತಾಯಿಯ ಗಿಣ್ಣುಹಾಲು, ಇಷ್ಟು ಸಾಕು. ತೂಕ ನೋಡುತ್ತಿರಿ. ಚೆನ್ನಾಗಿ ಹಾಲು ಸಿಗುವ ಮರಿ ಹತ್ತು ದಿನದ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟಾಗುತ್ತದೆ. ಸೋಪಿನ ತಕ್ಕಡಿಯನ್ನು ಮಾತ್ರ ಇದಕ್ಕೆ ಬಳಸಬೇಡಿ.

ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ಬಿಡುತ್ತದೆ, ಅದರ ಹಿಂದೆಯೇ ಕಿವಿ ತೆರೆಯುತ್ತದೆ. ಎರಡು ವಾರಕ್ಕೆ ಮೊದಲ ಜಂತುಹುಳದ ಔಷಧಿ, ಆಮೇಲೆ ಎರಡೆರಡು ವಾರಕ್ಕೊಮ್ಮೆ, ಎರಡು ತಿಂಗಳಾಗುವವರೆಗೆ. ತಾಯಿಯಿಂದಲೇ ಮರಿಗೆ ಹುಳ ಬರುವುದರಿಂದ ಇದನ್ನು ಮುಂದೂಡುವಂತಿಲ್ಲ. ಮೂರು ನಾಲ್ಕು ವಾರಕ್ಕೆ ತಟ್ಟೆಗೆ ಬಾಯಿ ಹಾಕಲು ಕಲಿಸಬಹುದು. ಹಸುವಿನ ಹಾಲನ್ನು ಬಟ್ಟಲುಗಟ್ಟಲೆ ಸುರಿದರೆ ಭೇದಿ ಹತ್ತುತ್ತದೆ. ಬರೀ ಅನ್ನ ಹಾಲಿನಲ್ಲಿ ಬೆಳೆದ ಮರಿಯ ಮುಂಗಾಲು ಸೊಟ್ಟಗಾಗುವುದನ್ನು ನೀವೂ ನೋಡಿರುತ್ತೀರಿ. ರಾಗಿ ಅಂಬಲಿಯಲ್ಲಿ ಕ್ಯಾಲ್ಸಿಯಂ ಇದೆ, ಒಳ್ಳೆಯದೇ. ಜೊತೆಗೆ ಮೊಟ್ಟೆಯೋ ಮೀನೋ ಮಾಂಸವೋ ಬೇಕು. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕೊಲೇಟು, ಬೆಂದ ಕೋಳಿಮೂಳೆ ಇವು ಬೇಡ.

ಇನ್ನು ಎಲ್ಲಕ್ಕಿಂತ ದೊಡ್ಡ ಮಾತು. ಮೂರನೆಯ ವಾರದಿಂದ ಸರಿಸುಮಾರು ಹನ್ನೆರಡು ಹದಿನಾಲ್ಕನೆಯ ವಾರದ ತನಕ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಅಮೆರಿಕದ ಮೈನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಮರಿಗಳನ್ನು ಬಹುಕಾಲ ಅಭ್ಯಾಸ ಮಾಡಿ 1965ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿಚಾರ ಗಟ್ಟಿಯಾಯಿತು. ಈ ವಾರಗಳಲ್ಲಿ ಯಾರನ್ನು, ಏನನ್ನು ಹೆದರಿಕೆಯಿಲ್ಲದೆ ನೋಡಿತೋ ಅದೆಲ್ಲ ಅದಕ್ಕೆ ತನ್ನ ಲೋಕವಾಗುತ್ತದೆ. ನೋಡದೇ ಉಳಿದದ್ದಕ್ಕೆ ಹೆದರುತ್ತದೆ, ಹೆದರಿದ ನಾಯಿಯೇ ಕಚ್ಚುವುದು. ಆದ್ದರಿಂದ ಹಸು, ಕುರಿ, ಕೋಳಿ, ಮಕ್ಕಳು, ಕೂಲಿಗೆ ಬರುವವರು, ಪಂಪ್‌ಸೆಟ್ಟಿನ ಸದ್ದು, ಟ್ರ್ಯಾಕ್ಟರು, ಹೆಗಲ ಮೇಲೆ ಹಾರೆ ಹೊತ್ತ ಮನುಷ್ಯ ಎಲ್ಲವನ್ನೂ ಹಗ್ಗ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಬೇಕು. ಕೋಳಿಯ ಕಡೆ ನುಗ್ಗಿದರೆ ಹಗ್ಗ ಬಿಗಿಹಿಡಿಯಿರಿ, ಸುಮ್ಮನೆ ಕೂತರೆ ಒಂದು ತುತ್ತು ಕೊಡಿ. ಹೊಡೆತ ಬೇಡ. "ಕಟ್ಟಿಹಾಕಿದರೆ ಜೋರಾಗುತ್ತೆ" ಅಂತ ಎರಡು ತಿಂಗಳ ಮರಿಯನ್ನು ಕಣದ ಮೂಲೆಯಲ್ಲಿ ಸರಪಳಿ ಹಾಕಿ ಬಿಡುವವರಿದ್ದಾರೆ. ಅದು ಕಾವಲಿನ ನಾಯಿಯಾಗುವುದಿಲ್ಲ, ಅಂಜುಬುರುಕ ನಾಯಿಯಾಗುತ್ತದೆ. ಸೋಪಿನ ಮುದ್ದೆ ಡಬ್ಬದಲ್ಲಿ ಕಾಯುತ್ತದೆ ಅಂದೆನಲ್ಲ, ಈ ವಾರಗಳು ಕಾಯುವುದಿಲ್ಲ. ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ, ಆಮೇಲೆ ಕಲಿಸೋಣ ಅಂದರೆ ಬಾಗಿಲು ಮುಚ್ಚಿರುತ್ತದೆ.

ಇದೇ ಕಾರಣಕ್ಕೆ ಎಂಟು ವಾರ ತುಂಬುವ ಮುಂಚೆ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದಕ್ಕೆ ಕಲಿಸುವುದು ಅದರ ಒಡಹುಟ್ಟುಗಳೇ.

ಲಸಿಕೆಗೂ ತಾರೀಖೇ ಮುಖ್ಯ. ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ. ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿರುವಾಗ ಲಸಿಕೆ ಹತ್ತುವುದಿಲ್ಲ. ಆ ರಕ್ಷಣೆ ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆಂದು ಹೇಳಲಾಗದ ಕಾರಣ ಮತ್ತೆ ಮತ್ತೆ ಹಾಕುತ್ತಾರೆ. "ಒಂದು ಸಲ ಹಾಕಿಸಿದ್ದೆ, ಆದರೂ ರಕ್ತಭೇದಿಯಲ್ಲಿ ಸತ್ತಿತು" ಎಂಬ ಮಾತಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮುಂದಿನದು ಯಾವಾಗ ಎಂಬುದನ್ನು ಪಶುವೈದ್ಯರು ಬರೆದುಕೊಡುತ್ತಾರೆ. ಮರಿ ಬೇಡವಾದ ಮನೆಯವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ. ಗೋಣಿಚೀಲದಲ್ಲಿ ಮರಿ ತುಂಬಿ ಸಂತೆಯ ಹತ್ತಿರ ಬಿಟ್ಟು ಬರುವುದಕ್ಕಿಂತ ಅದು ಸಾವಿರ ಪಾಲು ಮೇಲು. ಚಿರತೆ ಓಡಾಡುವ ಕಡೆಯಲ್ಲಿ ರಾತ್ರಿ ನಾಯಿಯನ್ನು ಗಟ್ಟಿ ಗೂಡಿನೊಳಗೆ ಕೂಡಿ. ಬಯಲಲ್ಲಿ ಕಟ್ಟಿದ ನಾಯಿ ಚಿರತೆಯ ಪಾಲಿಗೆ ಬಡಿಸಿಟ್ಟ ಎಲೆ.

ಸೋಪೂ ಮರಿಯೂ ಒಂದೇ ಮನೆಯಲ್ಲಿದ್ದ ಮೇಲೆ ಒಂದಕ್ಕೊಂದು ಎದುರಾಗಲೇಬೇಕು. ಅದರಲ್ಲಿ ಮೊದಲನೆಯದು ಸ್ನಾನ. ಮನೆಯ ಸೋಪು ಎಷ್ಟೇ ಹಿತವಾಗಿ ಮಾಡಿದ್ದರೂ ಕ್ಷಾರದ ಕಡೆಯದೇ, ಪಿಎಚ್ ಒಂಬತ್ತು ಹತ್ತರ ಹತ್ತಿರ ಇರುತ್ತದೆ. ಮನುಷ್ಯನ ಚರ್ಮ ಐದೂವರೆಯ ಆಸುಪಾಸು, ನಾಯಿಯದು ಏಳರ ಹತ್ತಿರ. ಮೇಲಿಂದ ಮೇಲೆ ಸೋಪು ಹಚ್ಚಿದರೆ ಅದರ ಚರ್ಮ ಒಣಗಿ ತುರಿಕೆ ಹತ್ತುತ್ತದೆ. ಎರಡು ತಿಂಗಳೊಳಗಿನ ಮರಿಗೆ ಸ್ನಾನವೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಚಿಗಟಕ್ಕೆ ಸಣ್ಣ ಹಲ್ಲಿನ ಬಾಚಣಿಗೆ ಸಾಕು, ಬಾಚಿದ್ದನ್ನು ಸೋಪಿನ ನೀರಿಗೆ ಅದ್ದಿದರೆ ಚಿಗಟ ಮುಳುಗಿ ಸಾಯುತ್ತದೆ. ಪರಿಮಳಕ್ಕೆಂದು ಟೀ ಟ್ರೀ ಎಣ್ಣೆ ಹಾಕಿದ ಸೋಪನ್ನು ನಾಯಿಗೆ ಹಚ್ಚಲೇಬಾರದು, ಅದು ನಾಯಿಗೆ ವಿಷ. ದನಕ್ಕೆ ತಂದಿಟ್ಟ ಉಣ್ಣೆಯ ಔಷಧಿಯನ್ನು ಮರಿಗೆ ಅಂದಾಜಿನಲ್ಲಿ ಸವರಬೇಡಿ. ಬೆರಕೆ ಮರಿಯಲ್ಲಿ ಕೋಲಿ ತಳಿಯ ರಕ್ತವಿದ್ದರೆ ಅಂಥ ಕೆಲವು ಔಷಧಿಗಳಲ್ಲಿರುವ ಐವರ್‌ಮೆಕ್ಟಿನ್ ಹೆಚ್ಚಾದಾಗ ಮಿದುಳಿಗೆ ಪೆಟ್ಟಾಗಬಹುದು. ಮರಿಯ ಹಿಂದಿನ ಮೂರು ತಲೆಮಾರು ಯಾರಿಗೂ ಗೊತ್ತಿಲ್ಲದಿರುವಾಗ ಪಶುವೈದ್ಯರನ್ನು ಕೇಳುವುದೇ ಕ್ಷೇಮ. ಇನ್ನು ಮರಿ ಏನಾದರೂ ಕ್ಷಾರಕ್ಕೆ ಬಾಯಿ ಹಾಕಿದರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟ ಗಂಟಲನ್ನು ಅದು ಏರುವಾಗ ಇನ್ನೊಮ್ಮೆ ಸುಡುತ್ತದೆ. ಬಾಯಿ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಎರಡನೆಯದು ಜೀವ ಉಳಿಸುವ ಮಾತು. ನಾಯಿಯೋ ಮರಿಯೋ ಕಚ್ಚಿದರೆ, ಹಲ್ಲೋ ಉಗುರೋ ತಾಗಿ ಚರ್ಮ ಗೀರಿದರೆ, ಮೊದಲ ಚಿಕಿತ್ಸೆ ಸೋಪು. ರೇಬೀಸ್ ವೈರಸ್ಸಿನ ಮೈಮೇಲೆ ಕೊಬ್ಬಿನ ಹೊದಿಕೆಯಿದೆ, ಸೋಪು ಆ ಹೊದಿಕೆಯನ್ನು ಹರಿದುಹಾಕುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯದೋ ಅಂಗಡಿಯದೋ, ಯಾವ ಸೋಪಾದರೂ ಸರಿ. ನಾವು ಎರಡು ಚೊಂಬು ನೀರು ಹಾಕಿ "ಆಯ್ತು ಬಿಡು" ಅನ್ನುತ್ತೇವೆ. ಆಮೇಲೆ ಸುಣ್ಣ, ಅರಿಶಿನ, ಮೆಣಸಿನಪುಡಿ ಮೆತ್ತುತ್ತೇವೆ. ಅದ್ಯಾವುದೂ ಬೇಡ. ತೊಳೆದ ಮೇಲೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ರೇಬೀಸ್ ಲಸಿಕೆ ಹಾಕುತ್ತಾರೆ. ಗಾಯದಲ್ಲಿ ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಬಗ್ಗೆಯೂ ವೈದ್ಯರನ್ನು ಕೇಳಿ. ಹೇಳಿದ ತಾರೀಖಿಗೆಲ್ಲ ತಪ್ಪದೆ ಹೋಗಿ. ಮನೆಯ ಮರಿ, ಮುದ್ದಿನ ಮರಿ, ಹಾಲುಹಲ್ಲು ಅಂತ ಬಿಡಬೇಡಿ. ಲಸಿಕೆ ಆಗದ ಮರಿಗೂ ರೇಬೀಸ್ ಬರುತ್ತದೆ. ರೋಗದ ಲಕ್ಷಣ ಒಮ್ಮೆ ಶುರುವಾದರೆ ಉಳಿಸಿಕೊಳ್ಳುವ ಔಷಧಿಯಿಲ್ಲ.

ಮರಿ ತರುವ ಯೋಚನೆ ಇರುವವರು ಅದಕ್ಕಿಂತ ಮುಂಚೆ ಎರಡು ಕೆಲಸ ಮಾಡಿ. ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಜಂತುಹುಳದ ಔಷಧಿ ಮತ್ತು ಲಸಿಕೆಯ ತಾರೀಖುಗಳನ್ನು ಕೇಳಿ ಬರೆದು ಗೋಡೆಗೆ ಅಂಟಿಸಿ. ಮತ್ತೆ, ಹೊರಗಿನ ನಲ್ಲಿಯ ಪಕ್ಕದಲ್ಲಿ ಒಂದು ಸೋಪು, ಮಕ್ಕಳ ಕೈಗೂ ಎಟುಕುವಂತೆ, ಯಾವಾಗಲೂ ಇರಲಿ.